ಘಾಟಿ ತಲುಪುವ ಹೊತ್ತು

ಚೆನ್ನೈನ ಅಡ್ಯಾರಿನಲ್ಲಿ ಸೈಕಲ್ ಹೊಡೆಯುವವರ ದಿನ ಬೆಳಗಿನ ಜಾವ ನಾಲ್ಕೂವರೆಗೇ ಶುರುವಾಗುತ್ತದೆ. ಶಿಸ್ತಿಗಿಂತ ಬಿಸಿಲಿನ ಭಯ ಅದಕ್ಕೆ ಕಾರಣ. ಕತ್ತಲಲ್ಲೇ ತಿರುವಾನ್ಮಿಯೂರು ದಾಟಿ ಈಸ್ಟ್ ಕೋಸ್ಟ್ ರಸ್ತೆ ಹಿಡಿದು, ಮುಟ್ಟುಕಾಡಿನ ಸೇತುವೆಯ ಮೇಲೆ ನಿಂತು ಹಿನ್ನೀರಿನಾಚೆ ಸೂರ್ಯ ಹುಟ್ಟುವುದನ್ನು ನೋಡಿ, ವಾಪಸು ಬಂದು ಇಡ್ಲಿ ತಿಂದು, ಎಂಟರೊಳಗೆ ಮನೆ ಸೇರುವುದು ಇಲ್ಲಿನ ವಾರಾಂತ್ಯದ ರೂಢಿ. ಕರಾವಳಿ ರಸ್ತೆಯೆಂದು ಹೆಸರಿದ್ದರೂ ಸಮುದ್ರ ಕಾಣುವುದು ಅಪರೂಪ. ನಡುವೆ ರೆಸಾರ್ಟುಗಳು, ಕಾಂಪೌಂಡ್ ಗೋಡೆಗಳು, ಸವುಕೆ ತೋಪುಗಳು. ಹೊಸದಾಗಿ ಈ ಊರಿಗೆ ಬಂದು ಸೈಕಲ್ ಕೊಂಡವರು ಮೊದಲು ಮೋಸ ಹೋಗುವುದು ಇಲ್ಲೇ. ರಸ್ತೆಯ ಹೆಸರು ಒಂದು, ರಸ್ತೆಯಲ್ಲಿ ಕಾಣುವುದು ಇನ್ನೊಂದು.

ಹೀಗೆ ಒಂದೆರಡು ವರ್ಷ ತುಳಿದವರಿಗೆ ದೊಡ್ಡ ಸವಾರಿಯೊಂದರ ಆಸೆ ಹುಟ್ಟುತ್ತದೆ. ಮೈಸೂರು ಕಡೆಯಿಂದ ಬಂದು, ಅಡ್ಯಾರಿನಲ್ಲಿ ಬಾಡಿಗೆ ಮನೆ ಹಿಡಿದು, ಹಳೆಯ ಮಹಾಬಲಿಪುರಂ ರಸ್ತೆಯ ಯಾವುದೋ ಕಚೇರಿಗೆ ಹೋಗುವ ಒಬ್ಬ ಸವಾರನನ್ನು ಊಹಿಸಿಕೊಂಡರೆ ಸಾಕು. ವರ್ಷದ ಕೊನೆಗೆ ಅವನ ಕೈಯಲ್ಲಿ ಉಳಿಯುವುದು ಆರೆಂಟು ದಿನದ ರಜೆ, ಒಂದಷ್ಟು ಉಳಿತಾಯ, ಮನೆಯವರು ಗೊಣಗುತ್ತಲೇ ಕೊಟ್ಟ ಒಪ್ಪಿಗೆ. ಫೋನಿನಲ್ಲಿ ಎರಡು ಆಹ್ವಾನಗಳಿವೆ. ಒಂದು, ನೀಲಗಿರಿಯ ಸುತ್ತ ವಾರವಿಡೀ ನಡೆಯುವ ಸಂಘಟಿತ ಸವಾರಿ. ಶುಲ್ಕ ಜೇಬಿಗೆ ಭಾರ. ಇನ್ನೊಂದು, ವಾರಾಂತ್ಯದಲ್ಲೇ ಮುಗಿಯುವ 600 ಕಿ.ಮೀ. ಬ್ರೆವೆ, ಶುಲ್ಕ ನೆಪಮಾತ್ರ. ಎರಡರ ಚಿತ್ರವೂ ಒಂದೇ ಬಗೆಯದು. ಮಂಜು ಹೊದ್ದ ತಿರುವು, ಚಹಾ ತೋಟ, ಒಬ್ಬಂಟಿ ಸವಾರ. ಎರಡರಲ್ಲೂ ‘ರಮಣೀಯ’ ಎಂಬ ಪದ. ಪ್ರವಾಸೋದ್ಯಮದ ಕರಪತ್ರಗಳಲ್ಲಿ ಸವೆದು ಸವೆದು, ಹಳೆಯ ನಾಲ್ಕಾಣೆಯ ಹಾಗೆ ಅಚ್ಚು ಅಳಿಸಿಹೋಗಿರುವ ಪದ ಅದು.

ಆರಿಸುವಾಗ ಹೆಚ್ಚಿನವರು ಕೇಳುವುದು ಎಷ್ಟು ದೂರ, ಎಷ್ಟು ಏರು, ಎಷ್ಟು ಹಣ ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಇವು ಮೂರೂ ಅಲ್ಲ. ಚಿತ್ರದಲ್ಲಿರುವ ಆ ತಿರುವಿಗೆ ತಾನು ಎಷ್ಟು ಗಂಟೆಗೆ ತಲುಪುತ್ತೇನೆ, ತಲುಪಿದಾಗ ಕತ್ತೆತ್ತಿ ನೋಡುವಷ್ಟು ಶಕ್ತಿ ಉಳಿದಿರುತ್ತದೆಯೇ ಎಂಬುದು ಮೊದಲು ತಿಳಿಯಬೇಕಾದದ್ದು.

ಬ್ರೆವೆಯ ಲೆಕ್ಕ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಫ್ರೆಂಚಿನಲ್ಲಿ ಆ ಮಾತಿಗೆ ಪ್ರಮಾಣಪತ್ರವೆಂದು ಅರ್ಥ. ನಿಗದಿತ ದೂರವನ್ನು ನಿಗದಿತ ಹೊತ್ತಿನೊಳಗೆ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಮೊದಲ ಸ್ಥಾನ, ಕೊನೆಯ ಸ್ಥಾನ ಎಂಬುದಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಭಾರತದಲ್ಲಿ ಇವು ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ನಡೆಯುತ್ತವೆ. ಚೆನ್ನೈನಲ್ಲಿ ಮದ್ರಾಸ್ ರ್‍ಯಾಂಡೊನರ್ಸ್ ನಡೆಸುತ್ತಾರೆ. ಡಿಸೆಂಬರ್ ನಡುವಿನಲ್ಲಿ ಚೆನ್ನೈಗೆ ಬೆಳಕು ಇರುವುದು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆ. ಶನಿವಾರ ಬೆಳಿಗ್ಗೆ ಐದಕ್ಕೆ ಹೊರಟ 600ರ ಸವಾರನಿಗೆ ಗಡುವು ಭಾನುವಾರ ರಾತ್ರಿ ಒಂಬತ್ತು. ಆ ನಲವತ್ತು ಗಂಟೆಗಳಲ್ಲಿ ಸುಮಾರು ಹದಿನೇಳು ಗಂಟೆ ಕತ್ತಲು. ದಾರಿಯ ಅತ್ಯಂತ ಚೆಲುವಾದ ಘಾಟಿ 220ನೇ ಕಿ.ಮೀ.ನಲ್ಲಿದೆ ಎಂದುಕೊಂಡರೆ, ಗಡುವಿನ ಅಂಚಿನಲ್ಲೇ, ಅಂದರೆ ಗಂಟೆಗೆ 15 ಕಿ.ಮೀ. ಸರಾಸರಿಯಲ್ಲಿ ಸಾಗುವವನು ಅಲ್ಲಿ ಮುಟ್ಟುವುದು ರಾತ್ರಿ ಏಳು ನಲವತ್ತಕ್ಕೆ. ಅವನಿಗೆ ಕಾಣುವುದು ತನ್ನ ದೀಪದ ಬೆಳಕಿನ ಹತ್ತಡಿ ಡಾಂಬರು. ಊಟ, ಚಹಾ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 20 ಕಿ.ಮೀ. ಹಿಡಿದಿಟ್ಟುಕೊಳ್ಳಬಲ್ಲವನು ನಾಲ್ಕು ಗಂಟೆಗೆ ಅಲ್ಲಿರುತ್ತಾನೆ. ಅವನಿಗೆ ಇಳಿಬಿಸಿಲಿನ ಘಾಟಿ ಸಿಕ್ಕೀತು. ಒಂದೇ ದಾರಿ, ಒಂದೇ ಶುಲ್ಕ, ಒಂದೇ ಪದಕ. ಆದರೆ ಇಬ್ಬರು ಹೋಗಿಬಂದ ಊರುಗಳು ಬೇರೆ ಬೇರೆ.

ಈ ಲೆಕ್ಕ ಕಷ್ಟದ್ದಲ್ಲ. ದಾರಿಯ ನಕ್ಷೆ ಮೊದಲೇ ಸಿಗುತ್ತದೆ, ಸೂರ್ಯಾಸ್ತದ ಹೊತ್ತು ಪಂಚಾಂಗದಲ್ಲಿದೆ. ಆದರೂ ಮಾಡುವವರು ಕಡಿಮೆ. ಸರಾಸರಿಯ ವಿಷಯದಲ್ಲಿ ಎಲ್ಲರೂ ತಮಗೆ ತಾವೇ ಸುಳ್ಳು ಹೇಳಿಕೊಳ್ಳುವುದು ಒಂದು ಕಾರಣ. ಮುಟ್ಟುಕಾಡಿನವರೆಗೆ ತಂಪಿನಲ್ಲಿ, ಗುಂಪಿನ ಹಿಂದೆ ಗಾಳಿ ತಪ್ಪಿಸಿಕೊಂಡು ಗಂಟೆಗೆ 28 ಕಿ.ಮೀ. ಹೊಡೆದದ್ದನ್ನೇ ತನ್ನ ವೇಗವೆಂದು ನಂಬಿದವನು, ಮಧ್ಯಾಹ್ನದ ಸಮುದ್ರಗಾಳಿಗೆ ಎದೆಕೊಟ್ಟು ಒಬ್ಬನೇ ಸಾಗುವಾಗ ಯಾರ ಜೊತೆ ಜಗಳ ತೆಗೆಯಬೇಕೆಂದು ತಿಳಿಯದೆ ಚಡಪಡಿಸುತ್ತಾನೆ.

ಇಂಥ ಸವಾರಿಗಳ ಮೂಲದಲ್ಲಿ ಬೆಳಕಿನ ಷರತ್ತು ಇತ್ತೆಂಬುದು ಈಗ ಮರೆತುಹೋಗಿದೆ. 1897ರಲ್ಲಿ ಇಟಲಿಯ ಹನ್ನೆರಡು ಜನ ರೋಮ್‌ನಿಂದ ನೇಪಲ್ಸ್‌ಗೆ, ಸುಮಾರು 230 ಕಿ.ಮೀ., ಹಗಲಿನ ಬೆಳಕು ಇರುವಷ್ಟರಲ್ಲೇ ಹೋಗಿ ಮುಟ್ಟುವ ಪಣ ತೊಟ್ಟರು. ಆ ಸಾಹಸಕ್ಕೇ ಲ್ಯಾಟಿನಿನಲ್ಲಿ ಧೈರ್ಯಶಾಲಿ ಎಂದು ಅರ್ಥ ಕೊಡುವ ‘ಆಡಾಕ್ಸ್’ ಎಂಬ ಹೆಸರು ಅಂಟಿತು. 1904ರಲ್ಲಿ ಅದನ್ನು ಫ್ರಾನ್ಸಿಗೆ ತಂದವರು ಆಂರಿ ದೆಗ್ರಾಂಜ್. ಅದಕ್ಕೆ ಒಂದು ವರ್ಷ ಮೊದಲು ಟೂರ್ ಡಿ ಫ್ರಾನ್ಸ್ ಶುರುಮಾಡಿದ್ದವರೂ ಅವರೇ. ಗುಂಪಾಗಿ ಒಂದೇ ವೇಗದಲ್ಲಿ ಸಾಗಬೇಕೆಂಬ ಕಟ್ಟು 1921ರಲ್ಲಿ ಸಡಿಲವಾಗಿ, ಅವರವರ ವೇಗಕ್ಕೆ ಬಿಟ್ಟ ಬ್ರೆವೆ ಬಂತು. 1200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇನ್ನೂ ಹಳೆಯದು, 1891ರಲ್ಲಿ ಪಂದ್ಯವಾಗಿ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಅದಕ್ಕಾಗಿ ಭಾರತದಲ್ಲೂ ತಯಾರಿ ನಡೆಸುವವರಿದ್ದಾರೆ.

ದೆಗ್ರಾಂಜ್‌ಗೆ ಗೇರ್ ಎಂದರೆ ಆಗುತ್ತಿರಲಿಲ್ಲ. ಗೇರ್ ಬದಲಿಸುವುದು ದುರ್ಬಲರ, ವಯಸ್ಸಾದವರ ಕೆಲಸ ಎಂಬ ನಿಲುವು ಅವರದು. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಟೂರ್ ಡಿ ಫ್ರಾನ್ಸಿನಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ಇದಕ್ಕೆ ಎದುರಾಗಿ ಸೇಂಟ್ ಎಟಿಯೆನ್ ಊರಿನ ಪೌಲ್ ದ ವಿವಿ ಎಂಬವರು, ವೆಲೋಸಿಯೋ ಎಂಬ ಅಂಕಿತನಾಮದಲ್ಲಿ ಬರೆಯುತ್ತ, ಹಲವು ಗೇರುಗಳ ಪರ ವಾದಿಸಿದರು, ಬೆಟ್ಟಗಳನ್ನು ಸುತ್ತಿದರು. ಇಂದಿನ ಸವಾರಿಗಳಲ್ಲಿ ಇಬ್ಬರ ರಕ್ತವೂ ಇದೆ. ಗಡಿಯಾರ ದೆಗ್ರಾಂಜ್ ಕಡೆಯದು, ಬೆಟ್ಟ ನೋಡುವ ಆಸೆ ವೆಲೋಸಿಯೋ ಕಡೆಯದು. ಸವಾರಿಯ ಜಾಹೀರಾತು ಬೆಟ್ಟವನ್ನು ತೋರಿಸುತ್ತದೆ. ನಿಯಮಗಳ ಪುಟ ತೆರೆದರೆ ಬರೀ ಗಡಿಯಾರ.

ಕನ್ನಡದಲ್ಲಿ ‘ಕಾಣು’ ಬೇರೆ, ‘ನೋಡು’ ಬೇರೆ. ಬೆಟ್ಟ ಕಾಣುತ್ತದೆ ಎಂದಾಗ ಕೆಲಸ ಬೆಟ್ಟದ್ದು. ಸವಾರನಿಗೆ ಅದು ಒದಗಿಬಂದದ್ದು ಅಷ್ಟೆ. ಬೆಟ್ಟವನ್ನು ನೋಡಿದ ಎಂದಾಗ ಕೆಲಸ ಸವಾರನದು. ಜಾಹೀರಾತು ಮಾತುಕೊಡುವುದು ಕಾಣುವುದರ ಬಗ್ಗೆ ಮಾತ್ರ. ನಾಡಿ ನಿಮಿಷಕ್ಕೆ ನೂರ ಎಪ್ಪತ್ತು ದಾಟಿ, ಮುಂದಿನ ಚಕ್ರದ ಮೇಲೆ ಕಣ್ಣು ನೆಟ್ಟು, ಮೂಗಿನ ತುದಿಯಿಂದ ಬೆವರು ಹನಿಯುತ್ತಿರುವವನಿಗೆ ಕಣಿವೆ ಕಾಣುತ್ತಿರುತ್ತದೆ, ಅವನು ನೋಡುತ್ತಿರುವುದಿಲ್ಲ.

ಇನ್ನು ಎರಡನೆಯ ಬಗೆ, ನೀಲಗಿರಿಯದು. ಬೆಂಗಳೂರಿನ ರೈಡ್ ಎ ಸೈಕಲ್ ಫೌಂಡೇಶನ್ 2008ರಿಂದ ನಡೆಸುತ್ತಿರುವ ಟೂರ್ ಆಫ್ ನೀಲಗಿರೀಸ್ ಈ ಬಗೆಯ ಸವಾರಿಗಳಲ್ಲಿ ಹೆಸರಾದದ್ದು. ಡಿಸೆಂಬರಿನಲ್ಲಿ, ಬಹುಪಾಲು ವರ್ಷಗಳಲ್ಲಿ ಎಂಟು ದಿನ, ಕರ್ನಾಟಕ–ತಮಿಳುನಾಡು–ಕೇರಳದ ಬೆಟ್ಟಸೀಮೆಯಲ್ಲಿ ಸುತ್ತುವಂಥದ್ದು. ಮಸಿನಗುಡಿಯಿಂದ ಊಟಿಗೆ ಏರುವ ಕಲ್‌ಹಟ್ಟಿ ಘಾಟಿ ಅದರ ಹೆಗ್ಗುರುತು. ಮೂವತ್ತಾರು ಹೇರ್‌ಪಿನ್ ತಿರುವುಗಳು, ಸುಮಾರು ಹನ್ನೆರಡು ಕಿ.ಮೀ.ಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಏರು. ಕನ್ನಡ ಬಲ್ಲವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಬಡಗರ ಊರುಗಳೆಲ್ಲ ಹಟ್ಟಿಗಳೇ. ಅವರ ನುಡಿಯನ್ನು ಬಹುಕಾಲ ಕನ್ನಡದ ಒಂದು ಬಗೆಯೆಂದೇ ಎಣಿಸಿದ್ದರು, ಈಗ ಅನೇಕ ಭಾಷಾವಿಜ್ಞಾನಿಗಳು ಬೇರೆ ನುಡಿಯೆನ್ನುತ್ತಾರೆ. ಊಟಿ ಸುತ್ತಿನ ಚಹಾದಂಗಡಿಯಲ್ಲಿ ಕುಳಿತು ಪಕ್ಕದವರ ಬಡಗ ಮಾತು ಅರ್ಧ ತಿಳಿದು ಅರ್ಧ ತಿಳಿಯದೆ ಕಿವಿಗೊಡುವ ಸುಖ ಮೈಸೂರು ಕಡೆಯ ಸವಾರನಿಗೆ ಉಂಟು. ಅದಕ್ಕೂ ಅರ್ಧ ಗಂಟೆ ಕೈಯಲ್ಲಿರಬೇಕು.

ಇಂಥ ಸವಾರಿಯ ಶುಲ್ಕ ಕೇಳಿ ಹುಬ್ಬೇರಿಸುವವರು ಅದರಲ್ಲಿ ಏನು ಸೇರಿದೆಯೆಂದು ಗಮನಿಸುವುದಿಲ್ಲ. ವಸತಿ, ಊಟ, ಸಾಮಾನು ಸಾಗಣೆ, ಮೆಕ್ಯಾನಿಕ್, ವೈದ್ಯರು, ದಾರಿಯುದ್ದಕ್ಕೂ ನೀರು, ಹಿಂದೆ ಬರುವ ಬೆಂಬಲ ವಾಹನ. ಇವೆಲ್ಲ ಒಟ್ಟಾಗಿ ಕೊಡುವುದು ಒಂದೇ ವಸ್ತುವನ್ನು, ತಲೆಯೊಳಗಿನ ಬಿಡುವನ್ನು. ನೀರು ಎಲ್ಲಿ ಸಿಗುತ್ತದೆ, ರಾತ್ರಿ ಎಲ್ಲಿ ಮಲಗುವುದು ಎಂಬ ಚಿಂತೆ ಇಲ್ಲದವನು ಬೆಟ್ಟ ನೋಡಬಲ್ಲ. ನೀಲಗಿರಿ ಜಿಲ್ಲೆಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿಗೆ ನಿಷೇಧವಿದೆ, ರಸ್ತೆಬದಿಯಲ್ಲಿ ನೀರಿನ ಎಟಿಎಂಗಳಿವೆ. ಇಂಥ ಸಣ್ಣ ವಿಷಯ ತಿಳಿಯದೆ ಒಂಟಿಯಾಗಿ ಹೋದವನು ಅಂಗಡಿಯಿಂದ ಅಂಗಡಿಗೆ ಬಾಟಲಿ ಹುಡುಕಿ ಹೊತ್ತು ಕಳೆಯುತ್ತಾನೆ. ಹಣ ಕೊಡುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಕೊಟ್ಟ ಹಣಕ್ಕೆ ಆ ಬಿಡುವು ನಿಜಕ್ಕೂ ಸಿಗುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು.

ಏಕೆಂದರೆ ಅಲ್ಲೂ ಗಡಿಯಾರವಿದೆ. ಇಂಥ ಸವಾರಿಗಳಲ್ಲಿ ಇಂತಿಷ್ಟು ಹೊತ್ತಿಗೆ ಇಂಥ ಜಾಗ ದಾಟದವರನ್ನು ಬೆಂಬಲ ವಾಹನಕ್ಕೆ ಹತ್ತಿಸುವ ಪದ್ಧತಿ ಸಾಮಾನ್ಯ. ಅದು ತಪ್ಪಲ್ಲ, ಕತ್ತಲಾದ ಮೇಲೆ ಘಾಟಿಯಲ್ಲಿ ಹತ್ತಾರು ಜನರನ್ನು ಬಿಡಲಾಗದು. ಆದರೆ ಚಪ್ಪಟೆ ಚೆನ್ನೈನಲ್ಲಿ ಪಳಗಿದವರಿಗೆ ಇದರ ಬಿಸಿ ಮೊದಲು ತಟ್ಟುತ್ತದೆ. ಬೆಂಗಳೂರಿನವರಿಗೆ ಅಭ್ಯಾಸಕ್ಕೆ ನಂದಿಬೆಟ್ಟವಿದೆ. ಅಡ್ಯಾರಿನವರಿಗೆ ಇರುವ ಏರು ಎಂದರೆ ಕತ್ತಿಪಾರದ ಮೇಲ್ಸೇತುವೆ. ಸರಿಯಾದ ಘಾಟಿ ಬೇಕೆಂದರೆ ಇನ್ನೂರು ಕಿ.ಮೀ.ಗೂ ಆಚೆ, ತಿರುವುಗಳಿಗೆ ತಮಿಳು ಕವಿಗಳ ಹೆಸರಿಟ್ಟಿರುವ ಯೆಲಗಿರಿಗೆ ಹೋಗಬೇಕು. ಈ ತಯಾರಿ ಇಲ್ಲದೆ ಕಲ್‌ಹಟ್ಟಿಗೆ ಹೋದವನು ಹದಿನೈದನೇ ತಿರುವಿನಲ್ಲಿ ವ್ಯಾನ್ ಹತ್ತಿದರೆ, ದುಬಾರಿ ಶುಲ್ಕ ಕೊಟ್ಟು ಊಟಿಯ ದಾರಿಯನ್ನು ಕಿಟಕಿಯಿಂದ ನೋಡಿದಂತಾಯಿತು. ಅದಕ್ಕೆ ಬಸ್ಸೇ ಸಾಕಿತ್ತು. ಹಾಗಾಗಿ ಮೊದಲ ಖರ್ಚು ಹೊಸ ಸೈಕಲ್ಲಿಗಲ್ಲ, ಹಿಂಬದಿಯ ದೊಡ್ಡ ಹಲ್ಲುಚಕ್ರಕ್ಕೆ ಹೋಗಲಿ. ಮುಂದೆ 34 ಹಲ್ಲು, ಹಿಂದೆಯೂ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ನಿಧಾನ, ಆದರೆ ಉಸಿರು ಉಳಿಯುತ್ತದೆ. ದೆಗ್ರಾಂಜ್ ನಕ್ಕರೆ ನಗಲಿ.

ಕಾಡಿನ ಭಾಗದ ವಿಷಯದಲ್ಲಿ ಸವಾರರ ವರ್ತನೆ ವಿಚಿತ್ರ. ಬಂಡೀಪುರ, ಮುದುಮಲೈ, ಸತ್ಯಮಂಗಲ — ನೀಲಗಿರಿಯ ಸುತ್ತ ಎತ್ತ ಹೋದರೂ ಹುಲಿ ಮೀಸಲು ಪ್ರದೇಶ. ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಬಂಡೀಪುರದಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ. ಹಗಲಲ್ಲೂ ಕಾಡಿನ ನಡುವೆ ವಾಹನ ನಿಲ್ಲಿಸುವಂತಿಲ್ಲ. ಅಂದರೆ ಅತ್ಯಂತ ಚೆಂದವೆಂದು ಜಾಹೀರಾತಾಗುವ ರಸ್ತೆಯಲ್ಲೇ ನಿಂತು ನೋಡುವ ಹಕ್ಕು ಯಾರಿಗೂ ಇಲ್ಲ. ಆನೆ ಎದುರಾದರೆ ಸೈಕಲ್ ಸವಾರನಿಗೆ ಮುಚ್ಚಿಕೊಳ್ಳಲು ಬಾಗಿಲೂ ಇಲ್ಲ. ಇಂಥ ಕಡೆ ಸವಾರರನ್ನೂ ಸೈಕಲ್‌ಗಳನ್ನೂ ವಾಹನದಲ್ಲಿ ದಾಟಿಸುತ್ತೇವೆ ಎನ್ನುವ ಸಂಘಟಕರನ್ನು, ಇಪ್ಪತ್ತು ಕಿ.ಮೀ. ಕಳೆದುಕೊಂಡೆವೆಂದು ಬೈಯುವವರಿದ್ದಾರೆ. ಬೈಗುಳ ತಿನ್ನಬೇಕಾದವರು ಇವರಲ್ಲ, ನೂರು ಸವಾರರನ್ನೂ ಅವರ ಹಿಂದೆ ಇಪ್ಪತ್ತು ವಾಹನಗಳನ್ನೂ ಆನೆಯ ದಾರಿಗೆ ಬಿಡುವವರು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಲಾರಿಗಳ ಹೊಗೆ ಕುಡಿಯುತ್ತ ಏರಿದವರಿಗೂ ಒಂದು ಮಾತು ಹೇಳಬಹುದು: ಮೇಲೆ ತಲುಪಿದ ಮೇಲೆ ಕನ್ನಡ ಮಾತಾಡುವ ತಾಳವಾಡಿಯ ಬಯಲುಸೀಮೆ, ಯಾವ ಜಾಹೀರಾತಿನಲ್ಲೂ ಕಾಣದಿದ್ದರೂ, ಘಾಟಿಗಿಂತ ನಿರಾಳವಾಗಿ ನೋಡಿಸಿಕೊಳ್ಳುತ್ತದೆ.

ಇಳಿಯುವುದರ ಬಗ್ಗೆ ಯಾರೂ ಕೇಳುವುದಿಲ್ಲ. ಏರಿನ ಮೀಟರುಗಳನ್ನು ಹೆಮ್ಮೆಯಿಂದ ಎಣಿಸುವವರು ಅಷ್ಟೇ ಮೀಟರು ಇಳಿಯಬೇಕೆಂಬುದನ್ನು ಮರೆಯುತ್ತಾರೆ. ಕಲ್‌ಹಟ್ಟಿಯಲ್ಲಿ ಹೊರಗಿನ ವಾಹನಗಳು ಇಳಿಯದಂತೆ ನಿರ್ಬಂಧ ಹಾಕಿರುವುದು ಅಲ್ಲಿ ಆದ ಅಪಘಾತಗಳಿಂದಾಗಿ. ದಿನದ ಕೊನೆಗೆ, ಕೈ ಮರಗಟ್ಟಿದಾಗ, ಮಂಜಿನಲ್ಲಿ ಇಳಿಯುವಂತೆ ದಾರಿ ಹೆಣೆದಿದ್ದರೆ ಆ ಸವಾರಿಯನ್ನು ಹಾಕಿದವರು ಸೈಕಲ್ ತುಳಿದಿಲ್ಲವೆಂದೇ ತಿಳಿಯಬಹುದು. ಅದೇ ರೀತಿ ಶೌಚಾಲಯದ ಪ್ರಶ್ನೆ. ದಾರಿಯಲ್ಲಿ ಎಲ್ಲೆಲ್ಲಿ ವ್ಯವಸ್ಥೆಯಿದೆ ಎಂದು ಮಹಿಳೆಯೊಬ್ಬರು ಕೇಳಿದಾಗ ‘ನೋಡ್ಕೊಳ್ಳೋಣ ಮೇಡಂ’ ಎಂಬ ಉತ್ತರ ಬಂದರೆ, ಆ ಸವಾರಿಯಲ್ಲಿ ಅರ್ಧದಷ್ಟು ಜನರಿಗೆ ನೀರು ಕುಡಿಯದೆ ತುಳಿಯುವುದೊಂದೇ ದಾರಿ. ನೀರು ಕುಡಿಯದವರಿಗೆ ಯಾವ ನೋಟವೂ ಹಿಡಿಸುವುದಿಲ್ಲ.

ಇದಕ್ಕೆಲ್ಲ ಎದುರಾಗಿ ಬ್ರೆವೆ ಪ್ರಿಯರ ವಾದವೊಂದಿದೆ, ಅದು ಹಗುರವಾದುದಲ್ಲ. ಕಷ್ಟವೇ ಆ ಸವಾರಿಯ ರುಚಿ, ರಾತ್ರಿಗೂ ಅದರದೇ ಚೆಲುವಿದೆ ಎನ್ನುತ್ತಾರೆ ಅವರು. ನಿಜವೇ. ಮರಕ್ಕಾಣದ ಉಪ್ಪಿನ ಗದ್ದೆಗಳ ಮೇಲೆ ಬೆಳದಿಂಗಳು ಬಿದ್ದಿರುವಾಗ ಹಾದುಹೋದವರಿಗೆ ಹಗಲಿನ ಬಿಳುಪು ಸಪ್ಪೆಯಾಗಿ ಕಂಡೀತು. ಮೂರು ಗಂಟೆ ರಾತ್ರಿಯಲ್ಲಿ ಹೆದ್ದಾರಿಯ ಚಹಾದಂಗಡಿಯವನು ಇವರಿಗೇನು ಹುಚ್ಚೇ ಎಂಬಂತೆ ನೋಡುತ್ತ ಕೊಡುವ ಬಿಸಿ ಲೋಟಕ್ಕೆ ಸಾಟಿಯಿಲ್ಲ. ಬೆಂಬಲ ವಾಹನವಿಲ್ಲದೆ, ಪಂಕ್ಚರನ್ನು ತಾನೇ ಹಾಕಿಕೊಂಡು, ಅಂಗಡಿಯ ರಸೀದಿಯನ್ನು ಸಾಕ್ಷಿಗಿಟ್ಟುಕೊಂಡು ಮನೆ ಮುಟ್ಟುವ ಆತ್ಮವಿಶ್ವಾಸವನ್ನು ಹಣ ಕೊಟ್ಟು ಕೊಳ್ಳಲಾಗದು. ಅದಕ್ಕಾಗಿ ಹೋಗುವವರು ಹೋಗಲಿ. ಆದರೆ ಅದನ್ನು ಬೆಟ್ಟ ನೋಡುವ ಸವಾರಿಯೆಂದು ಕರೆದು ವರ್ಷದ ಒಂದೇ ರಜೆಯಿರುವವನನ್ನು ಎಳೆದೊಯ್ಯಬಾರದು. ನಿದ್ದೆಗೆಟ್ಟವನು ಭಾನುವಾರ ಮಧ್ಯಾಹ್ನ ಲಾರಿಗಳ ನಡುವೆ ಸೈಕಲ್ ಹೊಡೆಯುವುದು ಚೆಲುವಿನ ಪ್ರಶ್ನೆಯೂ ಅಲ್ಲ, ಜೀವದ ಪ್ರಶ್ನೆ.

ಹಾಗಾದರೆ ಆ ಅಡ್ಯಾರಿನ ಸವಾರ ಯಾವುದನ್ನು ಆರಿಸಬೇಕು? ಈ ವರ್ಷ ಎರಡನ್ನೂ ಬಿಡುವುದು ಮೇಲು. ನೀಲಗಿರಿಗೆ ಮುಂದಿನ ವರ್ಷ, ಯೆಲಗಿರಿಯನ್ನು ಐದಾರು ಸಲ ಏರಿ ಬಂದ ಮೇಲೆ ಹೋಗಲಿ. ಅಷ್ಟರವರೆಗೆ ತಡೆಯಲಾಗದಿದ್ದರೆ ರಾತ್ರಿ ಚೆನ್ನೈ ಸೆಂಟ್ರಲ್‌ನಿಂದ ಹೊರಡುವ ನೀಲಗಿರಿ ಎಕ್ಸ್‌ಪ್ರೆಸ್ಸಿನ ಲಗೇಜು ಡಬ್ಬಿಗೆ ಸೈಕಲ್ ಹಾಕಿದರೆ ಬೆಳಿಗ್ಗೆ ಮೇಟ್ಟುಪಾಳಯಂ. ಅಲ್ಲಿಂದ ದಿನಕ್ಕೆ ನಲವತ್ತು ಕಿ.ಮೀ. ಏರಿದರೂ ಕೇಳುವವರಿಲ್ಲ. ಸಂಘಟಿತ ಸವಾರಿಯೇ ಬೇಕೆಂದರೆ ದಿನಕ್ಕೆ ನೂರು ಕಿ.ಮೀ. ಆಸುಪಾಸಿನದು, ಘಾಟಿಯನ್ನು ಬೆಳಿಗ್ಗೆಗೆ ಇಟ್ಟಿರುವುದು, ಕ್ರಿಸ್‌ಮಸ್ ವಾರದ ಕಾರುಗಳ ಸಾಲಿಗೆ ಸಿಕ್ಕಿಬೀಳದ್ದು ಸಿಕ್ಕರೆ ಹಣ ಕಟ್ಟಬಹುದು. ಡಿಸೆಂಬರಿನ ಚೆನ್ನೈ ಮಳೆಯನ್ನು ನಂಬುವಂತಿಲ್ಲ. 2023ರಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಊರೇ ಮುಳುಗಿತ್ತು, ಅಭ್ಯಾಸದ ಮಾತೆಲ್ಲಿ.

ಮತ್ತೆ 200 ಕಿ.ಮೀ. ಬ್ರೆವೆ ಇದ್ದೇ ಇದೆ, ಅದನ್ನು ಮಕ್ಕಳಾಟವೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಗಡುವು ಸಂಜೆ ಏಳೂವರೆ; ಹೆಚ್ಚುಕಡಿಮೆ ಇಡೀ ಸವಾರಿ ಬೆಳಕಿನಲ್ಲೇ. ಗಂಟೆಗೆ 22 ಕಿ.ಮೀ. ತುಳಿಯುವವನಿಗೆ ಚಕ್ರ ತಿರುಗುವ ಹೊತ್ತು ಒಂಬತ್ತು ಗಂಟೆ, ಉಳಿಯುವುದು ನಾಲ್ಕೂವರೆ. ಆ ನಾಲ್ಕೂವರೆ ಗಂಟೆಗಳನ್ನು ನಿಯಮಾವಳಿಯೇ ಕೈಗೆ ಕೊಟ್ಟಿದೆ. ಬಹುಪಾಲು ಸವಾರರು ಅದನ್ನು ವಾಪಸು ಕೊಟ್ಟು, ಒಂಬತ್ತೂವರೆಯಲ್ಲಿ ಮುಗಿಸಿದೆನೆಂದು ಫೋನಿನಲ್ಲಿ ಹಾಕಿಕೊಳ್ಳುತ್ತಾರೆ.

ಅಡ್ಯಾರಿನಿಂದ ದಕ್ಷಿಣಕ್ಕೆ ಸುಮಾರು ನೂರು ಕಿ.ಮೀ. ಹೋದರೆ ಕಡಪಾಕ್ಕಂ. ಅಲ್ಲಿ ಮುಖ್ಯರಸ್ತೆ ಬಿಟ್ಟು ಎಡಕ್ಕೆ ಒಳಗೆ ಹೋದರೆ ಹಿನ್ನೀರಿನ ದಡದಲ್ಲಿ ಆಲಂಪರೈ ಕೋಟೆಯ ಅವಶೇಷ. ಮೊಘಲರ ಕಾಲದ್ದು, 1750ರಲ್ಲಿ ಫ್ರೆಂಚರ ಡುಪ್ಲೆಗೆ ಸಿಕ್ಕಿ, ಹತ್ತೇ ವರ್ಷಕ್ಕೆ ಬ್ರಿಟಿಷರ ಕೈಯಲ್ಲಿ ಒಡೆದುಹೋದದ್ದು. ಗೋಡೆಯ ಇಟ್ಟಿಗೆಗಳು ಬಿಸಿಲಿಗೆ ಕೆಂಪಾಗಿರುತ್ತವೆ, ನೀರಿನಾಚೆ ಮರಳ ದಿಣ್ಣೆ, ಅದರಾಚೆ ಕೊನೆಗೂ ಸಮುದ್ರ. ಬೆಳಿಗ್ಗೆ ಹತ್ತೂವರೆಗೆ ಅಲ್ಲಿ ಸೈಕಲ್ಲನ್ನು ಗೋಡೆಗೆ ಆನಿಸಿ, ಶೂ ಬಿಚ್ಚಿಟ್ಟು, ಬುತ್ತಿಯಲ್ಲಿ ತಂದ ಚಪಾತಿ ತಿಂದು ಒಂದು ಗಂಟೆ ಕುಳಿತರೂ ಗಡುವಿಗೆ ಏನೂ ಆಗುವುದಿಲ್ಲ. ಮೀನುಗಾರರ ದೋಣಿಗಳು ಬಂದುಹೋಗುತ್ತಿರುತ್ತವೆ. ಹಿಂದಿರುಗುವಾಗ ಗಾಳಿ ಬೆನ್ನಿಗೆ ಬಂದರೂ ಬರಬಹುದು, ಬಾರದೆಯೂ ಇರಬಹುದು.